ಮೂರನೇ ನಂಬರ್ ಕಂಪ್ರೆಸರಿಗೆ ಕಿವಿಯಣ್ಣನ ದೂರು

ಇವರಿಗೆ,
ಮೂರನೇ ನಂಬರ್ ಕಂಪ್ರೆಸರ್ ಅವರು,
ಮೆಷಿನ್ ರೂಮು, ಕಿಟಕಿಯ ಪಕ್ಕ,
ನಮ್ಮ ಕೋಲ್ಡ್ ಸ್ಟೋರೇಜ್.

(ಇದರ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿನಲ್ಲಿ, ತಮ್ಮನ್ನು ಸೋಮವಾರ ಕ್ರೇನಿನಿಂದ ಎತ್ತಿ ಗುಜರಿಗೆ ಸಾಗಿಸಬೇಕೆಂಬ ಆದೇಶದ ಪಕ್ಕದಲ್ಲೇ ಅಂಟಿಸಿದ್ದೇನೆ.)

ಮಾನ್ಯರೇ,

ಹತ್ತೊಂಬತ್ತು ವರ್ಷಗಳಿಂದ ಹಗಲಿರುಳೆನ್ನದೆ ದುಡಿದು, ಊರವರ ಆಲೂಗಡ್ಡೆ, ಸೇಬು, ಬೆಣ್ಣೆಗಳನ್ನು ಕೊಳೆಯದಂತೆ ಕಾಪಾಡಿ, ಪ್ರತಿಯಾಗಿ ಒಂದಿಷ್ಟು ಎಣ್ಣೆ ಬಿಟ್ಟರೆ ಮತ್ತೇನನ್ನೂ ಬಯಸದ ತಮ್ಮ ಪಾದಗಳಿಗೆ, ಅಂದರೆ ಸಿಮೆಂಟಿನ ಕಟ್ಟೆಗೆ ಬಿಗಿದ ಆ ನಾಲ್ಕು ಬೋಲ್ಟುಗಳಿಗೆ, ಈ ಸಂಸ್ಥೆಯ ಹಿರಿಯ ಮೆಕ್ಯಾನಿಕ್ ಆದ ನಾನು ಶಿರಬಾಗಿ ನಮಸ್ಕರಿಸುತ್ತೇನೆ. ಪತ್ರದ ಮೊದಲಿಗೆ ಆರೋಗ್ಯ ವಿಚಾರಿಸುವುದು ಮರ್ಯಾದೆ. ಆದರೆ ತಮ್ಮ ಆರೋಗ್ಯ ಅತ್ಯುತ್ತಮವಾಗಿದೆ ಎಂಬುದೇ ನನ್ನ ದೂರಾಗಿರುವುದರಿಂದ ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಪರಿಚಯ ತಮಗೆ ಬೇಕಿಲ್ಲವಾದರೂ ಬೋರ್ಡಿನ ಮುಂದೆ ನಿಂತು ಓದುವ ಹೊಸಬರಿಗಾಗಿ ಹೇಳಿಕೊಳ್ಳುತ್ತೇನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಒತ್ತಿ, ಅದರ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ, ಒಳಗಿನ ಬೇರಿಂಗ್ ಇನ್ನೆಷ್ಟು ತಿಂಗಳು ಬಾಳುತ್ತದೆ ಎಂದು ಹೇಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ಇಪ್ಪತ್ತಾರು ವರ್ಷಗಳಿಂದ ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಅವರು ಹೇಳಲು ಮರೆತ ದಿನ ನಾನೇ ನೆನಪು ಮಾಡಿದ್ದೇನೆ. ಹೀಗಾಗಿ ನನಗೆ ಕಿವಿಯಣ್ಣ ಎಂಬ ಹೆಸರು ಬಿದ್ದು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಕಂಪನಿಯವರು ಪ್ರತಿವರ್ಷ ತಪ್ಪದೆ ಕೊಡುವ ಕಿವಿಗವಸನ್ನು ನಾನು ಪ್ರತಿವರ್ಷ ತಪ್ಪದೆ ಮೊಳೆಗೆ ನೇತುಹಾಕಿದ್ದೇನೆ. ಕಿವಿ ಮುಚ್ಚಿಕೊಂಡು ಮಾಡುವ ಮೆಕ್ಯಾನಿಕ್ ಕೆಲಸವೂ ಕಣ್ಣು ಕಟ್ಟಿಕೊಂಡು ಮಾಡುವ ದರ್ಜಿ ಕೆಲಸವೂ ಒಂದೇ ಎಂದು ನಾನು ಹೇಳಿದಾಗ ಇಡೀ ಮೆಷಿನ್ ರೂಮು ನಕ್ಕಿತ್ತು. ಒಬ್ಬಾಕೆ ನಗಲಿಲ್ಲ. ಅವರೇ ಹಗಲು ಪಾಳಿಯ ಆಪರೇಟರ್, ನಾವೆಲ್ಲ ಅಕ್ಕ ಎನ್ನುವವರು. ಕಿವಿಗವಸು ಹಾಕಿಕೊಂಡೇ ಕೆಲಸ ಮಾಡುವ ಅವರಿಗೆ ನನ್ನ ಜೋಕು ಕೇಳಿಸಿರಲಿಲ್ಲ.

ಈಗ ದೂರಿಗೆ ಬರುತ್ತೇನೆ. ನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ತಮ್ಮ ಬಳಿ ನಿಂತಿದ್ದಾಗ ನನಗೊಂದು ಸದ್ದು ಕೇಳಿಸಿತು. ಕೀ ಎಂದು ತೆಳ್ಳಗೆ, ಎಲ್ಲೋ ದೂರದಲ್ಲಿ ಯಾರೋ ಒಂದೇ ಉಸಿರಿನಲ್ಲಿ ಸೀಟಿ ಊದುತ್ತಿರುವ ಹಾಗೆ. ಒಂದನೇ ನಂಬರಿನವರ ಬಳಿ ಅದಿಲ್ಲ, ಎರಡನೆಯವರ ಬಳಿಯೂ ಇಲ್ಲ, ತಮ್ಮ ಬಳಿ ಬಂದರೆ ಮಾತ್ರ ಇದೆ. ಇನ್ನೇನು ಬೇಕು? ‘ಮೂರನೇ ನಂಬರ್, ಬೇರಿಂಗ್ ಹೋಗಿದೆ’ ಎಂದು ಬರೆದು ಸಹಿ ಹಾಕಿದೆ. ತಮ್ಮನ್ನು ಬಿಚ್ಚಿ ಹೊಸ ಬೇರಿಂಗ್ ಕೂರಿಸಿದೆವು, ಸದ್ದು ಹೋಗಲಿಲ್ಲ. ಮತ್ತೆ ಬಿಚ್ಚಿ ವಾಲ್ವುಗಳನ್ನೆಲ್ಲ ಬದಲಾಯಿಸಿದೆವು, ಆಗಲೂ ಇತ್ತು. ತಮ್ಮ ಒಳಗೆ ನೋಡುವುದಕ್ಕೆ ಇನ್ನೇನೂ ಉಳಿಯದಿದ್ದಾಗ, ನನಗೆ ಗೊತ್ತಾಗದ ರೋಗಕ್ಕೆ ಮದ್ದೇ ಇರಲಾರದು ಎಂಬ ತೀರ್ಮಾನಕ್ಕೆ ಬಂದು, ‘ಈ ಯಂತ್ರ ದುರಸ್ತಿಗೆ ಮೀರಿದೆ, ಬದಲಿಸುವುದು ಲೇಸು’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಮೇಲಿನ ಗಾಜಿನ ಆಫೀಸಿನ ಮ್ಯಾನೇಜರ್ ಸಾಹೇಬರು ಅದನ್ನು ಪೂರ್ತಿ ಓದಲೂ ಇಲ್ಲ. ಕಿವಿಯಣ್ಣ ಹೇಳಿದ ಮೇಲೆ ಮುಗೀತು ಅಂದರು.

ಆಮೇಲೆ ಆ ಮಧ್ಯಾಹ್ನ ಬಂತು, ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು. ತಾವು ಮೂವರೂ ಒಬ್ಬರ ಹಿಂದೊಬ್ಬರು ನಿಂತಿರಿ. ಅಕ್ಕ ಕಿವಿಗವಸು ತೆಗೆದು, ಅಬ್ಬಾ ಎಷ್ಟು ಹಾಯಾಗಿದೆ ಎಂದರು. ನನಗೆ ಮಾತ್ರ ತಮ್ಮ ಸದ್ದು ಇನ್ನೂ ಕೇಳಿಸುತ್ತಿತ್ತು, ಮೊದಲಿಗಿಂತ ಜೋರಾಗಿ. ಕರೆಂಟಿಲ್ಲದೆ ಕೂಗುವ ತಮ್ಮ ಕರ್ತವ್ಯನಿಷ್ಠೆಗೆ ನಾನು ಬೆರಗಾದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಿಂತ ಮೋಟಾರಿಗೂ ಸ್ಕ್ರೂಡ್ರೈವರ್ ಇಟ್ಟು ಆಲಿಸಿದೆ. ನಂತರ ಹೊರಗೆ ಹೋದೆ; ತಾವು ಜೊತೆಗೇ ಬಂದಿರಿ. ಲಾರಿ ತೂಗುವ ಕಟ್ಟೆಯ ಹತ್ತಿರ ಹೋದೆ, ಅಲ್ಲಿಯೂ ತಾವೇ. ಹತ್ತೊಂಬತ್ತು ವರ್ಷದಲ್ಲಿ ಕಟ್ಟೆಯಿಂದ ಒಂದಿಂಚು ಕದಲದ ತಾವು ನನ್ನ ಬೆನ್ನು ಹತ್ತಿ ಗೇಟಿನವರೆಗೂ ಬಂದಾಗ ನನ್ನ ಬುದ್ಧಿಗೆ ಮೆಲ್ಲಗೆ ಬೆಳಕು ಬಿತ್ತು. ಸದ್ದು ಇದ್ದದ್ದು ನನ್ನ ಕಿವಿಯಲ್ಲಿ. ರಾತ್ರಿ ಮನೆಯಲ್ಲಿ ಕೇಳಿಸಿ ನಿದ್ದೆ ಕೆಡಿಸುತ್ತಿದ್ದುದನ್ನೂ ನಾನು ಹಗಲೆಲ್ಲ ಆಲಿಸಿದ ತಮ್ಮ ಸದ್ದಿನ ಗುಂಗು ಎಂದೇ ಬಗೆದಿದ್ದೆ. ಉಳಿದಿಬ್ಬರ ಗಲಾಟೆಯಲ್ಲಿ ಅದು ಮುಚ್ಚಿಹೋಗುತ್ತಿತ್ತು. ಮೂವರಲ್ಲಿ ತಾವೇ ಅತ್ಯಂತ ಸಾಧು, ಅತ್ಯಂತ ಮಿತಭಾಷಿಯಾಗಿದ್ದುದರಿಂದ ತಮ್ಮ ಪಕ್ಕದಲ್ಲಿ ಮಾತ್ರ ನನಗೆ ನನ್ನದೇ ಸದ್ದು ಕೇಳಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದದ್ದಷ್ಟೇ ನಮಗೆ ಗೊತ್ತು. ನಾನು ನೆಲವನ್ನು ಎರಡು ಸಲ ಅಗೆಸಿಯೂ ಬಿಟ್ಟಿದ್ದೆ.

ಆ ಕ್ಷಣವೇ ಮ್ಯಾನೇಜರ್ ಸಾಹೇಬರ ಮುಂದೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ಹೆದರಿಕೆಯಾಯಿತು, ಅಷ್ಟೇ. ನನ್ನ ಬಳಿ ಇದ್ದದ್ದು ಒಂದು ಕಿವಿಯ ಹೆಸರು. ಅದನ್ನೂ ಕೊಟ್ಟುಬಿಟ್ಟರೆ ಉಳಿಯುವುದು ಐವತ್ತೆರಡು ವರ್ಷದ, ಮಂಡಿ ನೋವಿನ ಒಬ್ಬ ಮನುಷ್ಯ. ಅಲ್ಲದೆ ನನಗೆ ಆಡಳಿತದ ಮೇಲೆ ಪೂರ್ಣ ಭರವಸೆಯಿತ್ತು. ಮೆಷಿನ್ ರೂಮಿಗಾಗಿ ಬೆನ್ನೊರಗು ಇರುವ ಒಂದು ಕುರ್ಚಿ ಬೇಕೆಂದು ನಾನು ಕೊಟ್ಟ ಅರ್ಜಿ ಹನ್ನೆರಡು ವರ್ಷಗಳಿಂದ ಪರಿಶೀಲನೆಯಲ್ಲಿರುವಾಗ, ತಮ್ಮನ್ನು ಬದಲಿಸುವ ಅರ್ಜಿಯೂ ಅದರ ಪಕ್ಕದಲ್ಲೇ ಮಲಗಿ ನಿದ್ದೆ ಹೋಗುತ್ತದೆ ಎಂದು ನಂಬಿದ್ದೆ. ಅದು ನಲವತ್ತೇ ದಿನಗಳಲ್ಲಿ ಮಂಜೂರಾಯಿತು. ಒಬ್ಬ ಮನುಷ್ಯ ಜೀವಮಾನದಲ್ಲಿ ಒಮ್ಮೆ ತಪ್ಪು ವರದಿ ಬರೆದರೆ ಇಡೀ ವ್ಯವಸ್ಥೆ ಹೀಗೆ ಟೊಂಕ ಕಟ್ಟಿ ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು?

ಆ ನಲವತ್ತು ದಿನಗಳಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಸದ್ದನ್ನು ಗುಟ್ಟಾಗಿ ರಿಪೇರಿ ಮಾಡಿಸಿಕೊಂಡು, ಏನೂ ಆಗದವನಂತೆ ಬಂದು, ಮೂರನೇ ನಂಬರ್ ತಾನಾಗಿ ಸರಿಹೋಗಿದೆ ಎಂದು ಬರೆದುಬಿಡುವುದು ನನ್ನ ಉಪಾಯವಾಗಿತ್ತು. ಕಿವಿ ಡಾಕ್ಟರು ದೀಪ ಹಿಡಿದು ಇಣುಕಿ, ಎರಡೂ ಕಡೆಯ ಗುಗ್ಗೆ ತೆಗೆದರು. ಸದ್ದು ಇನ್ನೂ ಸ್ವಚ್ಛವಾಗಿ ಕೇಳತೊಡಗಿತು. ಗಾಜಿನ ಗೂಡಿನಲ್ಲಿ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಅವರು ಯಾವ ಸದ್ದೂ ಹಾಕದಿದ್ದಾಗಲೂ ನಾನು ಒತ್ತಿದೆನಂತೆ. ಕೊನೆಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗೆರೆ ಎಡದಿಂದ ಬಲಕ್ಕೆ ಚೆನ್ನಾಗಿ ನಡೆದುಕೊಂಡು ಬಂದು, ಕೀರಲು ಸದ್ದುಗಳಿರುವ ಜಾಗದಲ್ಲಿ ಬಾವಿಗೆ ಬಿದ್ದಿತ್ತು. ವರ್ಷಗಟ್ಟಲೆ ಗಲಾಟೆಯಲ್ಲಿ ನಿಂತು ಒಳಗಿನ ಸೂಕ್ಷ್ಮ ಕೋಶಗಳು ಸವೆದಿವೆ, ಅಲ್ಲಿಂದ ಬರಬೇಕಾದ ಸದ್ದು ಬಾರದಿದ್ದಾಗ ಮೆದುಳು ತಾನೇ ಒಂದನ್ನು ತುಂಬಿಕೊಳ್ಳುತ್ತದೆ, ಇದಕ್ಕೆ ಟಿನಿಟಸ್ ಅನ್ನುತ್ತಾರೆ ಎಂದು ವಿವರಿಸಿದರು. ಸ್ಪೇರ್ ಸಿಗುತ್ತದೆಯೇ ಎಂದು ಕೇಳಿದೆ. ಇಲ್ಲ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಸದ್ದನ್ನು ಅಳಿಸುವ ಮಾತ್ರೆಯೂ ಇಲ್ಲ, ಆದರೆ ಅದು ನಿಮ್ಮನ್ನು ಕಾಡದಂತೆ ಮಾಡುವ ದಾರಿಗಳು ಬೇಕಾದಷ್ಟಿವೆ ಎಂದರು. ದುರಸ್ತಿಗೆ ಮೀರಿದೆ ಎಂದು ತಮಗೆ ಬರೆದುಕೊಟ್ಟ ನನಗೆ, ಅದೇ ಮಾತನ್ನು ಇಷ್ಟು ಸೌಜನ್ಯದಿಂದಲೂ ಹೇಳಬಹುದೆಂದು ಅಂದು ತಿಳಿಯಿತು.

ಡಾಕ್ಟರಿಗೆ ಬಾರದ ಮದ್ದು ನಮ್ಮ ಭಾವನವರಿಗೆ ಬರುತ್ತದೆ. ಹೆಂಡತಿಯ ಅಣ್ಣನಾದ ಇವರು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಸೀಟಿ ಊದಿ ನಿವೃತ್ತರಾದವರು, ಸದ್ದಿನ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲವೆಂದು ನಂಬಿದವರು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರೆ ಮೂರು ದಿನದಲ್ಲಿ ಮಂಗಮಾಯ ಎಂದರು. ಬಿಟ್ಟೆ. ಮೂರು ದಿನ ನನಗೆ ಹಸಿವು ಜಾಸ್ತಿಯಾಯಿತು, ನಾಲ್ಕನೇ ದಿನ ಡಾಕ್ಟರು ಕಿವಿಯೊಳಗೆ ಇಣುಕಿ, ಅಡುಗೆಮನೆಯ ಸಾಮಾನು ಅಡುಗೆಮನೆಯಲ್ಲೇ ಇರಲಿ ಎಂದು ಗದರಿದರು. ಆಮೇಲೆ ಭಾವನವರು ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಹಸಿರು ಮಾತ್ರೆಗಳ ಒಂದು ಡಬ್ಬಿ ತರಿಸಿಕೊಟ್ಟರು. ಅದನ್ನು ತೋರಿಸಿದಾಗ ಡಾಕ್ಟರು, ಇದರಿಂದ ಯಾರಿಗಾದರೂ ವಾಸಿಯಾಗಿದೆ ಎನ್ನುವುದಕ್ಕೆ ಪುರಾವೆ ಇಲ್ಲ ಎಂದರು. ಸದ್ಯ ಆ ಡಬ್ಬಿಯಲ್ಲಿ ಮನೆಯಾಕೆ ಗುಂಡುಪಿನ್ನು ಹಾಕಿಟ್ಟಿದ್ದಾಳೆ, ಅದಕ್ಕೆ ಚೆನ್ನಾಗಿದೆ.

ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ, ಯಾವುದಾದರೂ ಹಿತವಾದ ಸದ್ದನ್ನು ಸಣ್ಣಗೆ ಹಾಕಿಕೊಳ್ಳಿ, ಕಿವಿಯ ಸದ್ದನ್ನು ಮುಳುಗಿಸುವಷ್ಟು ಬೇಡ, ಅದರ ಜೊತೆ ಬೆರೆಯುವಷ್ಟು ಸಾಕು ಎಂಬುದು ಮುಂದಿನ ಚಿಕಿತ್ಸೆ. ಅದಕ್ಕೊಂದು ಪುಟ್ಟ ಯಂತ್ರವೇ ಇದೆ. ಜಲಪಾತ ಹಾಕಿದೆ, ಯಾವ ಪೈಪು ಒಡೆಯಿತು ಎಂದು ಎರಡು ಸಲ ಎದ್ದು ನಲ್ಲಿ ನೋಡಿ ಬಂದೆ. ಗಾಳಿ ಹಾಕಿದೆ; ಕೋಲ್ಡ್ ರೂಮಿನ ಬಾಗಿಲಿನ ರಬ್ಬರು ಬಿಟ್ಟುಕೊಂಡಿದೆ ಅನ್ನಿಸಿತು. ಕಡಲ ಅಲೆ ಹಾಕಿದರೆ ಪಂಪು ಗಾಳಿ ಎಳೆಯುತ್ತಿರುವಂತೆ ಕೇಳಿ, ಯಾರಾದರೂ ಹೋಗಿ ವಾಲ್ವು ಮುಚ್ಚಬಾರದೇ ಎಂದು ಸಂಕಟಪಟ್ಟೆ. ಪ್ರಕೃತಿಯಲ್ಲಿ ಇಷ್ಟೊಂದು ದುರಸ್ತಿ ಕೆಲಸ ಬಾಕಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಕೊನೆಗೆ ಬೇಸತ್ತು, ಒಂದು ದಿನ ಕಿಟಕಿಯ ಪಕ್ಕ ನಿಂತು ತಮ್ಮ ಗುಂಯ್ ಎಂಬ ನಾದವನ್ನೇ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ದಿಂಬಿನ ಪಕ್ಕ ಸಣ್ಣಗೆ ಹಾಕಿದೆ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಬೆಳಗಿನವರೆಗೆ ನಿದ್ದೆ ಮಾಡಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನನ್ನ ವಿಷಯದಲ್ಲಿ ಗಿಡಕ್ಕೆ ನಾನೇ ಕೊಡಲಿ ಹಾಕಿಸಿ ಆಗಿತ್ತು. ಮನೆಯಾಕೆ ಮಾತ್ರ, ಇಷ್ಟು ವರ್ಷ ನೀವು ಕೆಲಸಕ್ಕೆ ಹೋಗ್ತಿದ್ರಿ, ಈಗ ಕೆಲಸಾನೇ ಮನೆಗೆ ಕರ್ಕೊಂಡು ಬಂದು ಹಾಸಿಗೆಯಲ್ಲಿ ಮಲಗಿಸಿದ್ರಲ್ಲ ಅಂದಳು.

ಇದರ ನಡುವೆ ಡಾಕ್ಟರು ನನ್ನನ್ನು ಒಬ್ಬ ಆಪ್ತಸಮಾಲೋಚಕರ ಬಳಿಗೂ ಕಳಿಸಿದ್ದರು. ಸದ್ದಿಗಿಂತ ಸದ್ದಿನ ಬಗ್ಗೆ ನಾವು ಪಡುವ ಭಯ ದೊಡ್ಡದು, ಆ ಭಯವನ್ನು ಬಿಡಿಸಿದರೆ ಮನಸ್ಸು ನಿಧಾನವಾಗಿ ಸದ್ದನ್ನು ಮೂಲೆಗೆ ತಳ್ಳುತ್ತದೆ ಎಂದು ಅವರು ಚೆನ್ನಾಗಿ ತಿಳಿಸಿದರು. ದಿನವೂ ಅದನ್ನು ಎಷ್ಟು ಸಲ ಗಮನಿಸುತ್ತೀರಿ ಎಂದು ಕೇಳಿದಾಗ ನಾನು ಹೆಮ್ಮೆಯಿಂದ ಚೀಲದಿಂದ ಪುಸ್ತಕ ತೆಗೆದೆ. ಮಾನ್ಯರೇ, ತಮ್ಮ ಒತ್ತಡ, ಉಷ್ಣತೆಗಳನ್ನು ಗಂಟೆಗೊಮ್ಮೆ ಬರೆದಿಡುವ ಅದೇ ಮಾದರಿಯ ಪುಸ್ತಕದಲ್ಲಿ ನಾನು ನನ್ನ ಕಿವಿಯ ದಾಖಲೆ ಇಟ್ಟಿದ್ದೆ: ‘ಬೆಳಗ್ಗೆ ಆರು, ಎಡಗಿವಿ ಸಾಧಾರಣ, ಬಲಗಿವಿ ಜೋರು. ಏಳು, ಎರಡೂ ಜೋರು. ಎಂಟು, ತಿಂಡಿಯ ನಂತರ ಎಡಗಿವಿಯಲ್ಲಿ ಸ್ವಲ್ಪ ಇಳಿಕೆ.’ ಪ್ರತಿ ಸಾಲಿನ ಮುಂದೆ ಸಹಿಯೂ ಇತ್ತು. ಅವರು ಹದಿನೈದು ಪುಟ ತಿರುವಿ ಹಾಕಿ, ಕನ್ನಡಕ ತೆಗೆದು, ಇದನ್ನು ಬರೆಯೋದು ಬಿಟ್ಟರೆ ಅರ್ಧ ವಾಸಿ ಅಂದರು. ಬರೆಯುವುದು ಬಿಟ್ಟೆ. ಅರ್ಧ ಎನ್ನಲಾರೆ, ಕಾಲು ಭಾಗವಂತೂ ವಾಸಿಯಾಯಿತು.

ಮೂರು ವಾರಗಳ ಹಿಂದೆ ಡಾಕ್ಟರು ಎರಡೂ ಕಿವಿಗಳ ಹಿಂದೆ ಸಣ್ಣ ಶ್ರವಣಯಂತ್ರ ಕೂರಿಸಿದರು. ಬಾರದೆ ಹೋಗಿದ್ದ ಸದ್ದುಗಳು ಬರತೊಡಗಿದರೆ ಮೆದುಳು ಸುಳ್ಳು ಸದ್ದು ಹುಟ್ಟಿಸುವುದನ್ನು ಕಡಿಮೆ ಮಾಡುತ್ತದೆಂದು ಅವರ ಲೆಕ್ಕ. ಮನೆಗೆ ಬಂದು ಕೂತೆ. ಪತ್ರಿಕೆ ಮಡಚಿದರೆ ಪಟಾಕಿ ಹೊಡೆದಂತಾಗುತ್ತಿತ್ತು, ನನ್ನ ಚಪ್ಪಲಿ ಇಷ್ಟು ವರ್ಷ ಕಿರುಗುಟ್ಟುತ್ತಿತ್ತೆಂದು ಆಗ ತಿಳಿಯಿತು. ಅಡುಗೆಮನೆಯಲ್ಲಿ ಮನೆಯಾಕೆ ಮೆಲುದನಿಯಲ್ಲಿ ಮಾತಾಡುತ್ತಿದ್ದಳು. ಯಾರಿದ್ದಾರೆಂದು ನೋಡಲು ಹೋದೆ, ಯಾರೂ ಇರಲಿಲ್ಲ. ನನಗೇ ಹೇಳುತ್ತಿದ್ದಳಂತೆ, ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ರೂಢಿ ತಪ್ಪಲಿಲ್ಲವಂತೆ. ನಾನು ಎಷ್ಟೋ ವರ್ಷಗಳಿಂದ ಎಲ್ಲದಕ್ಕೂ ಹೂಂ ಎನ್ನುತ್ತಾ ಬಂದಿದ್ದೇನೆ, ಯಾವುದಕ್ಕೆಲ್ಲ ಹೂಂ ಅಂದಿದ್ದೇನೋ ನನಗೆ ಗೊತ್ತಿಲ್ಲ. ಆ ದಿನ ಸ್ಟೂಲಿನ ಮೇಲೆ ಕೂತು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ, ನನಗೆ ಅಳು ಬಂತು. ಬೈಗುಳವೇ ಹೆಚ್ಚಿತ್ತು.

ಹೀಗೆ ನಾನು ಸುಧಾರಿಸುತ್ತಿರುವಾಗ ನಿನ್ನೆ, ಶುಕ್ರವಾರ, ತಮ್ಮನ್ನು ಗುಜರಿಗೆ ಸಾಗಿಸುವ ಆದೇಶ ಬೋರ್ಡಿಗೆ ಬಂತು. ನನ್ನ ಉಪಾಯಕ್ಕೆ ಎರಡೇ ದಿನ ಉಳಿದವು. ತಾವು ಆರೋಗ್ಯವಂತರು ಎನ್ನುವುದಕ್ಕೆ ನನ್ನ ಮಾತಲ್ಲದ ಸಾಕ್ಷಿ ಬೇಕಾಗಿ, ಕಪಾಟಿನಲ್ಲಿ ಮೂರು ವರ್ಷದಿಂದ ಪ್ಲಾಸ್ಟಿಕ್ ಬಿಚ್ಚದೆ ಇಟ್ಟಿದ್ದ, ಯಂತ್ರಗಳ ನಡುಕ ಅಳೆಯುವ ಮೀಟರನ್ನು ಹೊರತೆಗೆದೆ. ಕಿವಿಯಣ್ಣ ಇರುವಾಗ ಮೀಟರು ತರಿಸಿದ್ದು ನನಗೆ ಮಾಡಿದ ಅವಮಾನವೆಂದು ಬಗೆದು ನಾನೇ ಅದಕ್ಕೆ ಬೀಗ ಹಾಕಿದ್ದೆ. ತಮ್ಮ ಮೈಗೆ ಹಿಡಿದೆ, ಹಸಿರು ದೀಪ ಬಂತು. ಎರಡನೆಯವರಿಗೆ ಹಿಡಿದೆ, ಅಲ್ಲೂ ಹಸಿರು. ಕೈಯಲ್ಲಿ ಇದೆಯಲ್ಲ ಎಂದು ಒಂದನೆಯವರಿಗೂ ಹಿಡಿದೆ. ಕೆಂಪು.

ಮತ್ತೆ ಹಿಡಿದೆ, ಕೆಂಪೇ. ಆ ಬೇರಿಂಗು ಕೀರುವುದು ನನ್ನ ಗೆರೆ ಬಾವಿಗೆ ಬಿದ್ದ ಜಾಗದಲ್ಲಿ. ಅಂದರೆ ಅದು ಎಷ್ಟು ಕೂಗಿಕೊಂಡರೂ ನನಗೆ ಕೇಳಿಸುತ್ತಿರಲಿಲ್ಲ; ಕಿವಿಯ ಯಂತ್ರವನ್ನು ಗುಟ್ಟು ಕಾಯಲೆಂದು ಕೆಲಸದ ಹೊತ್ತಿನಲ್ಲಿ ಜೇಬಿನಲ್ಲೇ ಇಡುತ್ತಿದ್ದೆ. ವಾರ ವಾರವೂ ಅದರ ಮುಂದೆ ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೇಳಿದ್ದೆ, ಬರೆ ಎಳೆದವನನ್ನು ನೋಡಿರಲಿಲ್ಲ. ಮೀಟರಿನ ಗಾಜಿನಲ್ಲಿ ನೋಡಿದೆ. ಇನ್ನೊಂದು ವಿಷಯ ಹೇಳದಿದ್ದರೆ ಈ ಪತ್ರ ಬರೆದದ್ದೇ ದಂಡ. ಎರಡು ತಿಂಗಳ ಹಿಂದೆ ಅಕ್ಕ ನನ್ನನ್ನು ಕರೆದು, ಅಣ್ಣಾ, ಒಂದನೇದು ಮೊದಲಿನ ಹಾಗಿಲ್ಲ, ಮೇಜಿನ ಮೇಲೆ ಪೆನ್ನು ನಿಲ್ತಾ ಇಲ್ಲ ನೋಡಿ ಎಂದಿದ್ದರು. ನಾನು ರಟ್ಟಿನ ತುಂಡೊಂದನ್ನು ಮಡಚಿ ಮೇಜಿನ ಕಾಲಿನ ಕೆಳಗಿಟ್ಟು, ಈಗ ನಿಲ್ಲುತ್ತದೆ ಎಂದೆ. ಹದಿನೈದು ದಿನ ಬಿಟ್ಟು ಅವರು ಮತ್ತೆ, ಗವಸು ತೆಗೆದರೆ ಕಿರ್ರ್ ಅಂತ ಕೇಳ್ತದೆ ಅಣ್ಣಾ ಅಂದಾಗ, ಹಾಗಾದರೆ ಒಮ್ಮೆ ಕಿವಿ ತೋರಿಸಿಕೊಂಡು ಬಾರಮ್ಮ ಎಂದೆ. ಹೌದು, ಹಾಗೆಯೇ ಅಂದೆ. ಎಲ್ಲರೂ ನಕ್ಕರು. ಒಂದನೆಯವರಿಂದ ಅಕ್ಕನ ಕುರ್ಚಿ ಮೂರು ಹೆಜ್ಜೆ. ಆ ಬೇರಿಂಗು ಸಿಡಿದು ಶಾಫ್ಟಿನ ಸೀಲು ಕಿತ್ತುಹೋದರೆ ಒಳಗಿನ ಅಮೋನಿಯಾ ಎಂಬ ವಿಷಾನಿಲ ಮೊದಲು ತಲುಪುವುದು ಆ ಕುರ್ಚಿಗೆ. ಸೋಮವಾರ ತಮ್ಮನ್ನು ಎತ್ತಿಕೊಂಡು ಹೋದ ಮೇಲೆ ತಮ್ಮ ಪಾಲಿನ ಭಾರವೂ ಅಕ್ಕನ ಪಕ್ಕದ ಆ ಯಂತ್ರದ ಮೇಲೆ ಬೀಳಲಿತ್ತು.

ನಿನ್ನೆಯೇ ಒಂದನೆಯವರನ್ನು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಕೆಂಪು ಚೀಟಿ ಕಟ್ಟಿದೆ. ಅಕ್ಕನ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ, ಕಿವಿಯ ಯಂತ್ರವನ್ನೂ ಜೇಬಿನಿಂದ ತೆಗೆದು ತೋರಿಸಿದೆ. ಅವರು ಮೇಜಿನ ಕಾಲಿನ ಕೆಳಗಿನ ರಟ್ಟನ್ನು ಎಳೆದು ನನ್ನ ಕೈಗೆ ಕೊಟ್ಟು, ನಾನು ಹೇಳಿರಲಿಲ್ವಾ ಅಂತ ಕೇಳೋದಿಲ್ಲ ಅಣ್ಣಾ ಎಂದರು. ಆದರೆ ಹೇಳಿದ್ದೆ ಎಂದೂ ಸೇರಿಸಿದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಸವಿನಯ ದೂರು ಇಷ್ಟೇ: ತಮ್ಮನ್ನು ಎರಡು ಸಲ ಬಿಚ್ಚಿದಾಗ ತಾವು ಒಂದು ಸಲವಾದರೂ ಪ್ರತಿಭಟಿಸಬಹುದಿತ್ತು, ಒಂದು ಬೋಲ್ಟನ್ನಾದರೂ ನನ್ನ ಕಾಲ ಮೇಲೆ ಬೀಳಿಸಬಹುದಿತ್ತು. ಇಷ್ಟೊಂದು ಸಭ್ಯತೆ ಯಂತ್ರಕ್ಕೆ ಒಳ್ಳೆಯದಲ್ಲ. ಮುಂದೆ ಯಾರಾದರೂ ಕಣ್ಣು ಮುಚ್ಚಿ ತಮ್ಮ ಮೇಲೆ ಸ್ಕ್ರೂಡ್ರೈವರ್ ಇಟ್ಟರೆ ಅವರ ಕಿವಿಯ ಪರೀಕ್ಷೆಯ ಕಾಗದ ತೋರಿಸುವಂತೆ ದಯವಿಟ್ಟು ಕೇಳತಕ್ಕದ್ದು. ನಾಲ್ಕು ತಿಂಗಳಿಂದ ನಾನು ಹಾಕಿದ ಸಹಿಗಳೆಲ್ಲ ತಾವಾಗಿಯೇ ಅಳಿಸಿಹೋಗುವಂತೆ ಮಾಡುವುದು ತಮ್ಮಿಂದ ಸಾಧ್ಯವಿದ್ದರೆ ಅದನ್ನೂ ಮಾಡಿಕೊಡಬೇಕಾಗಿ ಪ್ರಾರ್ಥನೆ. ತಮ್ಮ ಮೇಲಿನ ವರದಿಯನ್ನು ನಾನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಇನ್ನು ಮೇಲೆ ತಪಾಸಣೆಯ ಸಹಿ ಅಕ್ಕನದಾಗಲಿ, ಮೀಟರು ಅವರ ಮೇಜಿನ ಮೇಲಿರಲಿ ಎಂದು ಬರೆದುಕೊಟ್ಟಿದ್ದೇನೆ. ನನ್ನನ್ನು ಉಳಿಸಿಕೊಳ್ಳುತ್ತಾರೋ ಗೇಟಿನ ಹೊರಗೆ ಬಿಡುತ್ತಾರೋ ಗೊತ್ತಿಲ್ಲ. ಹೆದರಿಕೆ ಈಗಲೂ ಇದೆ, ಕೀ ಎಂಬುದೂ ಇದೆ. ಎರಡನ್ನೂ ಗಂಟೆಗೊಮ್ಮೆ ಬರೆದಿಡುತ್ತಿಲ್ಲ.

ತಮ್ಮ ನಾದದಿಂದ ನಿದ್ದೆ ಪಡೆದು, ತಮಗೆ ಗುಜರಿಯ ದಾರಿ ತೋರಿಸಿದ್ದ,
ತಮ್ಮ ವಿಶ್ವಾಸಿ,
ಹಿರಿಯ ಮೆಕ್ಯಾನಿಕ್ (ಕಿವಿಯಣ್ಣ ಎಂಬ ಬಿರುದನ್ನು ಇದರೊಂದಿಗೆ ಲಗತ್ತಿಸಿ ಹಿಂದಿರುಗಿಸಿದೆ)

ವಿ.ಸೂ.: ನನ್ನ ಮೇಲೆ ಕ್ರಮ ಕೈಗೊಳ್ಳುವ ಮುನ್ನ ಮೇಲಿನವರ ಗಮನಕ್ಕೆ ಒಂದು ಸಣ್ಣ ಸಂಗತಿ. ಮೊನ್ನೆ ಗುರುವಾರ ಕಿವಿ ಡಾಕ್ಟರಲ್ಲಿ ನನ್ನ ಮುಂದಿನ ಸಾಲಿನಲ್ಲಿ, ಮುಖ ಕಾಣದಂತೆ ಪತ್ರಿಕೆ ಹಿಡಿದು ಒಬ್ಬ ದೊಡ್ಡ ಮನುಷ್ಯರು ಕೂತಿದ್ದರು. ಮೆಷಿನ್ ರೂಮಿನ ಮೇಲಿರುವ ಗಾಜಿನ ಆಫೀಸಿನಿಂದ ದಿನವೂ ಕಬ್ಬಿಣದ ಮೆಟ್ಟಿಲಿಳಿದು ಬರುವ ಆ ಬೂಟುಗಳನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ, ಆದರೂ ಹೆಸರು ಹೇಳುವುದು ಸಭ್ಯತೆಯಲ್ಲ. ನರ್ಸು ಆ ಹೆಸರನ್ನು ಮೂರು ಸಲ ಕೂಗಿದರು, ಅವರು ಏಳಲಿಲ್ಲ. ಹಿಂದಿನಿಂದ ಭುಜ ಮುಟ್ಟಿ, ನಿಮ್ಮನ್ನೇ ಕರೀತಿದ್ದಾರೆ ಎಂದು ತಿಳಿಸಿದವನು ನಾನು.